ಬೆಳ್ಳಿಯ ಕರಡಿಗೆ ಮತ್ತು ಹೊನ್ನಿನ ಹೊದಿಕೆ

ಇಷ್ಟಲಿಂಗವನ್ನು ಅಂಗದ ಮೇಲೆ ಸದಾ ಧರಿಸಿರಬೇಕೆಂಬುದು ವೀರಶೈವರ ಮೊದಲ ಆಚಾರ. ಲಿಂಗವು ಅಂಗವನ್ನು ಅಗಲಬಾರದಾದುದರಿಂದ ಅದನ್ನು ಇರಿಸಿಕೊಳ್ಳಲು ಒಂದು ಸಾಧನವು ಅವಶ್ಯಕವಾಯಿತು. ವಚನಗಳ ಭಾಷೆಯಲ್ಲಿ ಅದಕ್ಕೆ ಸೆಜ್ಜೆಯೆಂದು ಹೆಸರು, ಜನಬಳಕೆಯಲ್ಲಿ ಕರಡಿಗೆ. ಆಕಾರವನ್ನು ಅನುಸರಿಸಿ ಗುಂಡುಗಡಿಗೆ, ಚೌಕ ಮೊದಲಾದ ಹೆಸರುಗಳೂ ಇವೆ. ಅನುಕೂಲವಿದ್ದವರು ಬೆಳ್ಳಿಯಲ್ಲಿ ಮಾಡಿಸುತ್ತಾರೆ. ಇಲ್ಲದವರು ಶುಭ್ರವಾದ ವಸ್ತ್ರದಲ್ಲಿ ಲಿಂಗವನ್ನು ಸುತ್ತಿ ಶಿವದಾರದಿಂದ ಧರಿಸುತ್ತಾರೆ. ಧರಿಸುವ ಸಾಧನ ಯಾವುದೇ ಆಗಲಿ, ಒಳಗಿರುವ ಲಿಂಗದ ಮಹಿಮೆಗೆ ಅದರಿಂದ ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ಈ ಮಾತನ್ನು ಮೊದಲೇ ಸ್ಪಷ್ಟಪಡಿಸಿಕೊಂಡು ಮುಂದಿನ ವಿಚಾರಕ್ಕೆ ಹೋಗುವುದು ಉಚಿತ.

ಬೆಂಗಳೂರಿನ ಉತ್ತರ ಭಾಗದ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ಮೊದಲಾದ ಕಡೆಗಳಲ್ಲಿ ನೆಲೆಸಿರುವ ವೀರಶೈವ ಮನೆತನಗಳಲ್ಲಿ ತಲೆಮಾರುಗಳಿಂದ ಬಂದ ಬೆಳ್ಳಿಯ ಕರಡಿಗೆಗಳುಂಟು. ಅವುಗಳಲ್ಲಿ ಕೆಲವಕ್ಕೆ ಚಿನ್ನದ ಹೊದಿಕೆ ಇರುತ್ತದೆ. ಕೆಲವಕ್ಕೆ ಮೈಯೆಲ್ಲ, ಕೆಲವಕ್ಕೆ ಮುಚ್ಚಳದ ಪಟ್ಟಿ, ಕಮಲದ ದಳ, ಶಿಖರದ ಮೊಗ್ಗು ಇಷ್ಟಕ್ಕೆ ಮಾತ್ರ. ಅಜ್ಜಿಯ ಕೊರಳಲ್ಲಿದ್ದದ್ದು ಮೊಮ್ಮಗಳ ಕೊರಳಿಗೆ ಬರುವ ಹೊತ್ತಿಗೆ ಆ ಹೊದಿಕೆ ಅಲ್ಲಲ್ಲಿ ಸವೆದು, ಬೆಳ್ಳಿ ಇಣುಕಿ, ಕಪ್ಪು ಹಿಡಿದಿರುತ್ತದೆ. ಆಗ ಮನೆಯವರ ಮುಂದೆ ಎರಡೇ ದಾರಿಗಳು ಕಾಣುತ್ತವೆ. ಹಳೆಯದನ್ನು ಕರಗಿಸಿ ಹೊಸದನ್ನು ಮಾಡಿಸುವುದು ಒಂದು. ಅಂಗಡಿಗೆ ಕೊಟ್ಟು ವಿದ್ಯುತ್ತಿನ ಮುಲಾಮು ಹಾಕಿಸುವುದು ಇನ್ನೊಂದು. ಮೊದಲನೆಯದರಿಂದ ಮನೆತನದ ಒಂದು ವಸ್ತು ಶಾಶ್ವತವಾಗಿ ಇಲ್ಲವಾಗುತ್ತದೆ. ಎರಡನೆಯದು ಹೊಳಪನ್ನು ಕೊಟ್ಟರೂ ಬಹುಕಾಲ ಬಾಳುವುದಿಲ್ಲ. ಮೂರನೆಯ ದಾರಿಯೊಂದು ಇದೆಯೆಂಬುದನ್ನೂ, ಆ ದಾರಿಯ ಕ್ರಮವೇನೆಂಬುದನ್ನೂ ಭಕ್ತರು ತಿಳಿದಿರುವುದು ಒಳ್ಳೆಯದು.

ಯಲಹಂಕ ನಾಡಪ್ರಭುವಾದ ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದನಷ್ಟೆ. ಒಂದೊಂದು ವೃತ್ತಿಗೆ ಒಂದೊಂದು ಬೀದಿ ಎಂಬಂತೆ ಬೆಳೆದ ಆ ಪೇಟೆಯಲ್ಲಿ ನಗರ್ತಪೇಟೆಯೂ ಒಂದು. ಶಿವಾಚಾರ ನಗರ್ತರೆಂಬ ವೀರಶೈವ ವರ್ತಕ ಸಮುದಾಯದ ಹೆಸರು ಅಲ್ಲಿ ಉಳಿದಿದೆ. ಚಿನ್ನಬೆಳ್ಳಿಯ ವ್ಯಾಪಾರ ಮತ್ತು ಕೆಲಸ ಇಂದಿಗೂ ಆ ಬೀದಿಯಲ್ಲಿಯೂ ಅದರ ಸುತ್ತಣ ಓಣಿಗಳಲ್ಲಿಯೂ ನಡೆಯುತ್ತಿದೆ. ನಗರದ ಉತ್ತರ ಬಡಾವಣೆಗಳ ಬೆಳ್ಳಿ ಅಂಗಡಿಯವರು ಸೂಕ್ಷ್ಮವಾದ ಕೆಲಸ ಬಂದಾಗ ಹೆಚ್ಚಾಗಿ ಪೇಟೆಯ ಅಕ್ಕಸಾಲಿಗರಿಗೇ ಅದನ್ನು ಒಪ್ಪಿಸುತ್ತಾರೆ.

ಚಿನ್ನವನ್ನು ಬೇರೊಂದು ವಸ್ತುವಿನ ಮೇಲೆ ಹೊದಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ದಸರಾ ಮೆರವಣಿಗೆಯ ಅಂಬಾರಿಯು ಮರದ ಚೌಕಟ್ಟಿನ ಮೇಲೆ ಚಿನ್ನದ ತಗಡನ್ನು ಹೊದಿಸಿದುದು. ಮೈಸೂರು ಸಂಪ್ರದಾಯದ ಚಿತ್ರಗಳಲ್ಲಿ ಉಬ್ಬಿಸಿದ ಲೇಪದ ಮೇಲೆ ಚಿನ್ನದ ರೇಕನ್ನು ಅಂಟಿಸುತ್ತಾರೆ. ತಮಿಳುನಾಡಿನ ನಾಗರಕೋಯಿಲಿನ ವಡಸೇರಿಯಲ್ಲಿ ತಯಾರಾಗುವ ದೇವಾಲಯದ ಆಭರಣಗಳಿಗೆ ಒಳಮೈ ಬೆಳ್ಳಿ. ಅದರ ಮೇಲೆ ಕೆಂಪುಕಲ್ಲುಗಳನ್ನು ಕೂರಿಸಿ ಚಿನ್ನದ ರೇಕನ್ನು ಒತ್ತುವ ಸಂಪ್ರದಾಯವಿದೆ. ಭರತನಾಟ್ಯದ ಕಲಾವಿದೆಯರು ಧರಿಸುವ ತಲೆಸಾಮಾನುಗಳು ಈ ಬಗೆಯವು. ಅಪರಂಜಿ ಎಂಬ ಅರ್ಥದಲ್ಲಿ ಕನ್ನಡಕ್ಕೆ ಪರಿಚಿತವಾದ ಕುಂದಣವೆಂಬ ಮಾತು, ಕಲ್ಲಿನ ಸುತ್ತ ಶುದ್ಧ ಚಿನ್ನದ ಹಾಳೆಯನ್ನು ಒತ್ತಿ ಕೂರಿಸುವ ಕೆಲಸಕ್ಕೂ ಹೆಸರಾಗಿದೆ. ಕೊರಿಯಾ ದೇಶದ ಬೆಳ್ಳಿಗೆಲಸದವರು ಅಂಟಿಲ್ಲದೆ, ಬೆಸುಗೆಯಿಲ್ಲದೆ, ಬಿಸಿ ಮತ್ತು ಒತ್ತಡದಿಂದಲೇ ಚಿನ್ನದ ಹಾಳೆಯನ್ನು ಬೆಳ್ಳಿಗೆ ಕೂಡಿಸುತ್ತಾರೆ. ಅದನ್ನು ಅವರು ಕುಂಬು ಎನ್ನುತ್ತಾರೆ. ಅಂಟಿಸಿದ ಚಿನ್ನವೆಂದು ಅದರ ಅರ್ಥ. ಕರಡಿಗೆಗೆ ಒಪ್ಪುವ ಕ್ರಮ ಇದೇ.

ಹೊದಿಕೆಯ ಮೂರು ಬಗೆಗಳು

ಬೆಳ್ಳಿಗೆ ಚಿನ್ನವನ್ನು ಹೊದಿಸಲು ಮುಖ್ಯವಾಗಿ ಮೂರು ಬಗೆಗಳಿವೆ. ಅವುಗಳ ಗುಣದೋಷಗಳನ್ನು ತಿಳಿದಲ್ಲದೆ ಆಯ್ಕೆ ಮಾಡುವುದು ಸಲ್ಲದು.

ಮೊದಲನೆಯದು ಪಾದರಸದ ಮುಲಾಮು. ಚಿನ್ನವನ್ನು ಪಾದರಸದಲ್ಲಿ ಕರಗಿಸಿ, ಬೆಣ್ಣೆಯಂತಹ ಆ ಮಿಶ್ರಣವನ್ನು ಬೆಳ್ಳಿಯ ಮೇಲೆ ಸವರಿ ಬೆಂಕಿಗೆ ಹಿಡಿಯುವುದು ಇದರ ರೀತಿ. ಪಾದರಸವು 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಈ ಹೊದಿಕೆ ಗಟ್ಟಿಯಾದುದು, ಸುಂದರವಾದುದು. ಶತಮಾನಗಳ ಕಾಲ ಜಗತ್ತಿನ ಅನೇಕ ದೇಶಗಳಲ್ಲಿ ಇದೇ ರೂಢಿಯಲ್ಲಿತ್ತು. ಆದರೆ ಆ ಆವಿಯು ಕೆಲಸಗಾರನ ಶ್ವಾಸಕೋಶವನ್ನು ಸೇರಿ ನರಗಳನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ, ಕೈನಡುಕ ಹುಟ್ಟಿಸುತ್ತದೆ. ಪಾದರಸದ ಬಳಕೆಯನ್ನು ತಗ್ಗಿಸಲು ಜಪಾನಿನ ಮಿನಾಮಾಟಾ ಊರಿನ ಹೆಸರಿನಲ್ಲಿ 2013ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ಆಯಿತು. 2017ರಲ್ಲಿ ಅದು ಜಾರಿಗೆ ಬಂದಿತು. ಭಾರತವು 2018ರಲ್ಲಿ ಅದನ್ನು ಅನುಮೋದಿಸಿತು. ಕಾಯಕವನ್ನು ಕೈಲಾಸವೆಂದು ತಿಳಿಯುವ ಧರ್ಮದಲ್ಲಿ, ಕಾಯಕ ಮಾಡುವವನ ಕಾಯವನ್ನೇ ಕೆಡಿಸಿ ಪಡೆದ ಹೊಳಪು ಲಿಂಗದ ಮನೆಗೆ ಒಪ್ಪುವಂಥದಲ್ಲ. ಆದುದರಿಂದ ಈ ಬಗೆಯನ್ನು ಯಾರೂ ಕೇಳಬಾರದು. ಯಾರಾದರೂ ಮಾಡಿಕೊಡುತ್ತೇವೆಂದರೂ ಒಪ್ಪಬಾರದು.

ಎರಡನೆಯದು ವಿದ್ಯುತ್ತಿನ ಮುಲಾಮು. ಇಂಗ್ಲೆಂಡಿನ ಎಲ್ಕಿಂಗ್‌ಟನ್ ಬಂಧುಗಳು 1840ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಮೇಲೆ ಇದು ಎಲ್ಲೆಡೆ ಹರಡಿತು. ಚಿನ್ನದ ಲವಣವಿರುವ ದ್ರಾವಣದಲ್ಲಿ ಬೆಳ್ಳಿಯನ್ನು ಮುಳುಗಿಸಿ ವಿದ್ಯುತ್ತನ್ನು ಹಾಯಿಸಿದರೆ ಚಿನ್ನವು ತೆಳುವಾಗಿ ಮೈಗೆ ಹತ್ತುತ್ತದೆ. ಖರ್ಚು ಕಡಮೆ, ಕೆಲಸ ಬೇಗ, ಒಳಮೂಲೆಗಳಿಗೂ ಬಣ್ಣ ತಲುಪುತ್ತದೆ. ಆದರೆ ದ್ರಾವಣದಲ್ಲಿ ಸಾಮಾನ್ಯವಾಗಿ ಸಯನೈಡ್ ಇರುವುದರಿಂದ ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಹೊದಿಕೆಯೂ ಬಹಳ ತೆಳುವು. ಅಗ್ಗದ ಕೆಲಸದಲ್ಲಿ ಅದರ ದಪ್ಪ ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಪಾಲನ್ನೂ ಮುಟ್ಟುವುದಿಲ್ಲ.

ಮೂರನೆಯದು ಶುದ್ಧ ಚಿನ್ನದ ಹಾಳೆಯನ್ನು ಒತ್ತುವುದು. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಚಿತ್ರಕ್ಕೆ ಹಚ್ಚುವ ರೇಕು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ತೆಳುವಾದುದು. ಉಸಿರು ತಾಗಿದರೆ ಹಾರಿಹೋಗುತ್ತದೆ. ಅದು ಅಂಟಿನ ಬಲದಿಂದ ನಿಲ್ಲುವಂಥದು. ಕೊರಳಲ್ಲಿ ಉಜ್ಜಾಡುವ ವಸ್ತುವಿಗೆ ಸಾಲದು. ಕರಡಿಗೆಗೆ ಬೇಕಾದ ಹಾಳೆ ಅದಕ್ಕಿಂತ ದಪ್ಪ. ಸುಮಾರು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು.

ಈ ಅಂತರವನ್ನು ಒಂದು ಲೆಕ್ಕದಿಂದ ಮನಗಾಣಬಹುದು. ಮುಚ್ಚಳದ ಪಟ್ಟಿ ಮತ್ತು ದಳಗಳೆಲ್ಲ ಸೇರಿ ಹತ್ತು ಚದರ ಸೆಂಟಿಮೀಟರ್ ಆಗುತ್ತದೆಂದು ಭಾವಿಸೋಣ. ಚಿನ್ನವು ನೀರಿಗಿಂತ 19.3 ಪಟ್ಟು ತೂಕವುಳ್ಳದ್ದು. ನೂರರಲ್ಲಿ ಒಂದು ಮಿಲಿಮೀಟರ್ ದಪ್ಪದ ಹಾಳೆಯಾದರೆ ಅಷ್ಟು ಜಾಗಕ್ಕೆ ಸುಮಾರು 190 ಮಿಲಿಗ್ರಾಂ ಚಿನ್ನ ಬೇಕು. ಎರಡು ಸಾವಿರದಲ್ಲಿ ಒಂದು ಮಿಲಿಮೀಟರ್ ದಪ್ಪದ ಮುಲಾಮಿಗೆ ಸುಮಾರು 10 ಮಿಲಿಗ್ರಾಂ ಸಾಕು. ರೇಕಿಗೆ 2 ಮಿಲಿಗ್ರಾಂ. ಮೂರೂ ಹೊಸದಾಗಿರುವಾಗ ಕಣ್ಣಿಗೆ ಒಂದೇ ಬಣ್ಣ. ಸವೆತಕ್ಕೆ ನಿಂತಾಗ ಮಾತ್ರ ಒಂದರಂತೆ ಒಂದಲ್ಲ.

ಕೆಲಸಕ್ಕೆ ಮೊದಲು

ಅಕ್ಕಸಾಲಿಗನ ಕೈಗೆ ಕರಡಿಗೆಯನ್ನು ಕೊಡುವ ಮೊದಲು ಭಕ್ತನು ತಾನೇ ಲಿಂಗವನ್ನು ಹೊರತೆಗೆದು ವಸ್ತ್ರದಲ್ಲಿ ಸುತ್ತಿ ಧರಿಸಿಕೊಳ್ಳಬೇಕು. ಕೆಲಸ ಮುಗಿಯುವವರೆಗೆ ಆ ವಸ್ತ್ರವೇ ಕರಡಿಗೆ. ಅಂಗಡಿಯಲ್ಲಿ ಲಿಂಗವನ್ನು ಬಿಟ್ಟು ಬರುವುದು ಆಚಾರಕ್ಕೆ ವಿರುದ್ಧವಷ್ಟೇ ಅಲ್ಲ, ಅಪಾಯಕರವೂ ಹೌದು. ಲಿಂಗಕ್ಕೆ ಕಟ್ಟಿರುವ ಕಂತಿಗೆ ಬೆಂಕಿಯ ಕಾವು, ಆಮ್ಲ, ಗಂಧಕದ ನೀರು ಯಾವುದೂ ತಾಕಬಾರದು.

ಅನಂತರ ಕರಡಿಗೆಯನ್ನು ತೂಗಿ, ತೂಕವನ್ನು ಬರೆದಿಟ್ಟುಕೊಳ್ಳಬೇಕು. ಹಳೆಯ ಕರಡಿಗೆಗಳಲ್ಲಿ ಎರಡು ಸಂಗತಿಗಳನ್ನು ವಿಶೇಷವಾಗಿ ಪರೀಕ್ಷಿಸಬೇಕಾಗುತ್ತದೆ. ಟೊಳ್ಳಾದ ಶಿಖರದ ಒಳಗೆ ಅರಗು ತುಂಬಿದ್ದರೆ ಕಾವಿಗೆ ಅದು ಕರಗಿ ಉಕ್ಕುತ್ತದೆ, ಮೊದಲೇ ತೆಗೆಯಬೇಕು. ಹಿಂದೆ ಯಾರಾದರೂ ಸೀಸ ತವರಗಳ ಬೆಸುಗೆಯಿಂದ ರಿಪೇರಿ ಮಾಡಿದ್ದರೆ ಅದೂ ತೊಂದರೆಯೇ. ಬೆಳ್ಳಿಯ ಬೆಸುಗೆ 600 ಡಿಗ್ರಿಗೂ ಮೇಲೆ ಕರಗುವಂಥದು. ಸೀಸದ ಬೆಸುಗೆಯಾದರೋ 200 ಡಿಗ್ರಿಯ ಆಸುಪಾಸಿನಲ್ಲಿಯೇ ಕರಗುತ್ತದೆ. ಮುಂದೆ ಕಾವು ಹೆಚ್ಚಿದಾಗ ಆ ಸೀಸ ಬೆಳ್ಳಿಯನ್ನು ತಿಂದು ಕುಳಿ ಮಾಡುತ್ತದೆ. ಕೀಲಿನ ಬಳಿ, ಶಿವದಾರದ ಬಳೆಗಳ ಬಳಿ ಬೂದುಬಣ್ಣದ ಕಲೆ ಕಂಡರೆ ಅದನ್ನು ಪೂರ್ತಿ ಕೆರೆದು ತೆಗೆದು ಬೆಳ್ಳಿಯ ಬೆಸುಗೆಯಿಂದಲೇ ಸರಿಪಡಿಸಬೇಕು. ಗುಳಿ ಬಿದ್ದ ಮೈಯನ್ನು ಎತ್ತುವುದು, ಸಡಿಲಾದ ಕೀಲನ್ನು ಬಿಗಿಮಾಡುವುದು ಎಲ್ಲವೂ ಈ ಹಂತದಲ್ಲಿಯೇ ಮುಗಿಯಬೇಕು.

ಬೆಳ್ಳಿಯನ್ನು ಬಿಳುಪಿಗೆ ತರುವುದು

ಆಭರಣದ ಬೆಳ್ಳಿ ಶುದ್ಧವಾದುದಲ್ಲ. 925 ಎಂಬ ಮುದ್ರೆಯಿದ್ದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ. ಉಳಿದುದು ಹೆಚ್ಚಾಗಿ ತಾಮ್ರ. ಈ ತಾಮ್ರವೇ ಹೊದಿಕೆಗೆ ಮುಖ್ಯವಾದ ಅಡ್ಡಿ. ಕಾಯಿಸಿದಾಗ ಅದು ಗಾಳಿಯೊಡನೆ ಸೇರಿ ಕಪ್ಪಾದ ಪೊರೆಯಾಗುತ್ತದೆ. ಪೊರೆಯ ಮೇಲೆ ಇಟ್ಟ ಚಿನ್ನ ಹಿಡಿಯುವುದಿಲ್ಲ. ಆದುದರಿಂದ ಮೇಲ್ಮೈಯಲ್ಲಿರುವ ತಾಮ್ರವನ್ನು ಮೊದಲು ಕಳೆಯಬೇಕು.

ಇದಕ್ಕೆ ಉಪಾಯವು ಸರಳವಾದುದು, ಆದರೆ ತಾಳ್ಮೆ ಬೇಡುವಂಥದು. ಅಂಟುವಾಳದ ನೀರಿನಲ್ಲಿ ತೊಳೆದು ಜಿಡ್ಡು ಕಳೆದ ಕರಡಿಗೆಯನ್ನು ಮೈ ಕಪ್ಪಾಗುವವರೆಗೆ ಸಮನಾಗಿ ಕಾಯಿಸಿ, ಆರಿಸಿ, ಹುಳಿಯಲ್ಲಿ ಅದ್ದುತ್ತಾರೆ. ಹುಣಸೆಯ ನೀರಿನಲ್ಲಿ ಅಥವಾ ಪಟಿಕದ ನೀರಿನಲ್ಲಿ ಕುದಿಸುವುದು ಹಳೆಯ ರೂಢಿ; ಈಗ ತಿಳಿಮಾಡಿದ ಗಂಧಕಾಮ್ಲವನ್ನೂ ಬಳಸುತ್ತಾರೆ. ಹುಳಿಯು ತಾಮ್ರದ ಕಪ್ಪನ್ನು ಕರಗಿಸಿ ಒಯ್ಯುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ಹಿತ್ತಾಳೆ ತಂತಿಯ ಬ್ರಷ್ಷಿನಿಂದ ಮೃದುವಾಗಿ ತಿಕ್ಕಿ ಮತ್ತೆ ಕಾಯಿಸಬೇಕು. ಹೀಗೆ ಐದಾರು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ಮಾಡಿದ ಮೇಲೆ ಕಾಯಿಸಿದರೂ ಕಪ್ಪಾಗದೆ ಹಾಲಿನಂತಹ ಬಿಳುಪು ನಿಲ್ಲುತ್ತದೆ. ಮೈಯ ಮೇಲೆ ಶುದ್ಧ ಬೆಳ್ಳಿಯ ತೆಳುವಾದ ಪದರವೊಂದು ಉಂಟಾಯಿತೆಂದು ಇದರ ಅರ್ಥ. ಇನ್ನು ಮುಂದೆ ಅರವನ್ನಾಗಲಿ ಉಪ್ಪುಕಾಗದವನ್ನಾಗಲಿ ಮುಟ್ಟಿಸಬಾರದು. ಮುಟ್ಟಿಸಿದರೆ ಪದರ ಹರಿದು ತಾಮ್ರ ಮತ್ತೆ ಮೇಲೆ ಬರುತ್ತದೆ. ಬರಿಗೈಯಿಂದಲೂ ಹಿಡಿಯಬಾರದು, ಬೆರಳಿನ ಜಿಡ್ಡು ತಗಲಿದ ಜಾಗದಲ್ಲಿ ಚಿನ್ನ ಕೂಡುವುದಿಲ್ಲ.

ಹಾಳೆಯನ್ನು ಕೂಡಿಸುವುದು

ಹಾಳೆಯು ಅಪರಂಜಿಯದೇ ಆಗಿರಬೇಕು. 22 ಕ್ಯಾರಟ್ಟಿನ ಚಿನ್ನದಲ್ಲಿ ತಾಮ್ರ ಬೆರೆತಿರುವುದರಿಂದ ಅದು ಈ ಕ್ರಮದಲ್ಲಿ ಚೆನ್ನಾಗಿ ಹಿಡಿಯುವುದಿಲ್ಲ. ಎರಡು ಕಾಗದಗಳ ನಡುವೆ ಹಾಳೆಯನ್ನಿಟ್ಟು ದಳದ ಅಥವಾ ಪಟ್ಟಿಯ ಆಕಾರಕ್ಕೆ ಕತ್ತರಿಸುತ್ತಾರೆ. ಒಂದು ಹನಿ ನೀರಿನಿಂದ ಅದನ್ನು ಬೆಳ್ಳಿಯ ಮೇಲೆ ಅದರ ಜಾಗದಲ್ಲಿ ಇಡುತ್ತಾರೆ. ನೀರು ಆರಿದ ಮೇಲೆ ಅಗ್ಗಿಷ್ಟಿಕೆಯ ಅಥವಾ ವಿದ್ಯುತ್ ಒಲೆಯ ಮೇಲಿಟ್ಟ ಲೋಹದ ಹಲಗೆಯ ಮೇಲೆ ಕರಡಿಗೆಯ ಆ ಭಾಗವನ್ನು ಇರಿಸಿ ಕಾವು ಕೊಡುತ್ತಾರೆ.

ಬೇಕಾದ ಕಾವು ಸುಮಾರು 260ರಿಂದ 370 ಡಿಗ್ರಿ. ಬೆಳ್ಳಿ ಕರಗುವುದು 962 ಡಿಗ್ರಿಯಲ್ಲಿ, ಚಿನ್ನ ಕರಗುವುದು 1064 ಡಿಗ್ರಿಯಲ್ಲಿ. ಹೀಗಾಗಿ ಇಲ್ಲಿ ಯಾವ ಲೋಹವೂ ಕರಗುವುದಿಲ್ಲ. ಮಾಪಕವಿಲ್ಲದ ಕೆಲಸಗಾರರು ಬಿದಿರಿನ ಕಡ್ಡಿಯ ತುದಿಯನ್ನು ಬೆಳ್ಳಿಗೆ ತಾಗಿಸಿ, ಅದು ಕಂದಾಗಿ ಹೊಗೆಯಾಡಿದರೆ ಕಾವು ಬಂದಿತೆಂದು ತಿಳಿಯುತ್ತಾರೆ. ಆಗ ನುಣುಪಾದ ಅಗೇಟು ಕಲ್ಲಿನ ಅಥವಾ ಉಕ್ಕಿನ ಒಪ್ಪಗೋಲಿನಿಂದ ಹಾಳೆಯ ನಡುಭಾಗವನ್ನು ಮೊದಲು ಒತ್ತಬೇಕು. ನಡುವಿನಿಂದ ಅಂಚಿಗೆ ಸರಿಯುತ್ತ ಒಳಗಿನ ಗಾಳಿಯನ್ನು ಹೊರದೂಡಬೇಕು. ಅಂಚಿನಿಂದ ಮೊದಲು ಮಾಡಿದರೆ ಗಾಳಿ ಸಿಕ್ಕಿ ಗುಳ್ಳೆಯೇಳುತ್ತದೆ. ಗುಳ್ಳೆ ಎದ್ದರೆ ಸೂಜಿಯ ಮೊನೆಯಿಂದ ಚುಚ್ಚಿ ಮತ್ತೆ ಒತ್ತಬೇಕು. ಟೊಳ್ಳಾದ ಮೈಗೆ ಒಳಗಿನಿಂದ ಲೋಹದ ಆಧಾರ ಕೊಡದೆ ಒತ್ತಿದರೆ ಗುಳಿ ಬೀಳುತ್ತದೆಂಬುದನ್ನೂ ಮರೆಯಬಾರದು. ಒಂದು ಹಾಳೆಯ ಬಣ್ಣ ಸಾಲದೆಂದು ಕಂಡರೆ ಅದೇ ಕಾವಿನಲ್ಲಿ ಅದರ ಮೇಲೆ ಇನ್ನೊಂದನ್ನು ಕೂಡಿಸಬಹುದು.

ಕರಗದ ಎರಡು ಲೋಹಗಳು ಅಂಟಿಲ್ಲದೆ ಒಂದಾಗುವುದು ಹೇಗೆ? ಚಿನ್ನದ ಮತ್ತು ಬೆಳ್ಳಿಯ ಪರಮಾಣುಗಳು ಗಾತ್ರದಲ್ಲಿ ಬಹುಮಟ್ಟಿಗೆ ಸಮಾನ; ಅವು ಜೋಡಣೆಗೊಂಡಿರುವ ರೀತಿಯೂ ಒಂದೇ. ಆದುದರಿಂದ ಈ ಎರಡು ಲೋಹಗಳು ಯಾವ ಪ್ರಮಾಣದಲ್ಲಿಯಾದರೂ ಬೆರೆಯಬಲ್ಲವು. ಶುದ್ಧವಾದ ಎರಡು ಮೈಗಳು ಬಿಸಿಯಾಗಿ ಒತ್ತಿಕೊಂಡಾಗ, ಗಡಿಯಲ್ಲಿರುವ ಪರಮಾಣುಗಳು ಅತ್ತಿಂದಿತ್ತ ಸರಿದು ಗಡಿಯೇ ಅಳಿಯುತ್ತದೆ. ಇದೇ ಗುಣವು ಮಿತಿ ಮೀರಿದರೆ ದೋಷವೂ ಆಗುತ್ತದೆ. ಕಾವು ಹೆಚ್ಚಾದರೆ ಅಥವಾ ಬಹಳ ಹೊತ್ತು ನಿಂತರೆ ಚಿನ್ನವು ಬೆಳ್ಳಿಯೊಳಕ್ಕೆ ಇಳಿದು ಬಣ್ಣ ಮಂಕಾಗುತ್ತದೆ. ಹೊದಿಕೆ ಮುಗಿದ ಮೇಲೆ ಬೆಸುಗೆಯ ಕೆಲಸಕ್ಕೆ ಕೈಹಾಕಬಾರದೆಂಬ ನಿಯಮಕ್ಕೆ ಇದೇ ಕಾರಣ.

ಒಪ್ಪ ಮತ್ತು ಪಾಲನೆ

ಕರಡಿಗೆ ತಾನಾಗಿ ಆರಿದ ಮೇಲೆ ಅಂಟುವಾಳದ ನೀರು ಸೋಕಿಸಿ ಹಿತ್ತಾಳೆಯ ಬ್ರಷ್ಷಿನಿಂದ ತಿಕ್ಕಿ, ಒಪ್ಪಗೋಲಿನಿಂದ ಮತ್ತೊಮ್ಮೆ ಒಪ್ಪವಿಡುತ್ತಾರೆ. ಒಪ್ಪವಿಡುವುದೆಂದರೆ ಲೋಹವನ್ನು ಕೆರೆದು ಹೊಳೆಯಿಸುವುದಲ್ಲ, ಒತ್ತಿ ನುಣುಪಾಗಿಸುವುದು. ಸುತ್ತುವ ಬಟ್ಟೆಯ ಚಕ್ರಕ್ಕೆ ಹಿಡಿದರೆ ಹೊಳಪೇನೋ ಬೇಗ ಬರುತ್ತದೆ, ಆದರೆ ಅದು ಚಿನ್ನವನ್ನೇ ತಿಂದು ಬರುವ ಹೊಳಪು. ದಳಗಳ ನಡುವಣ ಬೆಳ್ಳಿಯನ್ನು ಕಪ್ಪುಮಾಡಿ ಚಿನ್ನವನ್ನು ಎತ್ತಿತೋರಿಸಬೇಕೆಂದು ಬಯಸುವವರು ಗಂಧಕದ ದ್ರಾವಣವನ್ನು ಸವರಿಸುತ್ತಾರೆ. ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ, ಚಿನ್ನ ಬದಲಾಗುವುದಿಲ್ಲ. ಒಳಮೈಯನ್ನು ಮಾತ್ರ ಬರಿಯ ಬೆಳ್ಳಿಯಾಗಿಯೇ ಉಳಿಸಿ, ಗಂಧಕದ ಅಂಶವಿರದಂತೆ ತೊಳೆದು ಒಣಗಿಸಬೇಕು.

ಮನೆಯ ಪಾಲನೆಯಲ್ಲಿ ಒಂದು ಎಚ್ಚರ ಬಹಳ ಅವಶ್ಯಕ. ಬೆಳ್ಳಿಯ ಸಾಮಾನುಗಳನ್ನು ವಿಭೂತಿಯಿಂದ ತಿಕ್ಕಿ ಬೆಳಗುವುದು ನಮ್ಮ ಮನೆಗಳ ವಾಡಿಕೆ. ಬೆಳ್ಳಿಗೆ ಅದು ಒಳ್ಳೆಯದೇ. ಆದರೆ ಭಸ್ಮದ ನುಣ್ಣನೆಯ ಕಣಗಳು ಪ್ರತಿಸಲವೂ ಮೇಲ್ಮೈಯನ್ನು ಒಂದಿಷ್ಟು ಸವೆಸುತ್ತವೆ. ಹೊದಿಕೆಯಿರುವ ಕರಡಿಗೆಗಳು ಚಿನ್ನವನ್ನು ಕಳೆದುಕೊಳ್ಳುವುದಕ್ಕೆ ಕೊರಳಿನ ಬೆವರಿನಷ್ಟೇ ಈ ಬೆಳಗುವಿಕೆಯೂ ಕಾರಣ. ಚಿನ್ನವಿರುವ ಭಾಗವನ್ನು ಅಂಟುವಾಳದ ತೆಳುನೀರಿನಲ್ಲಿ ಅದ್ದಿದ ಮೆತ್ತನೆಯ ಅರಿವೆಯಿಂದ ಒರೆಸಿ, ಒಣಬಟ್ಟೆಯಿಂದ ಒತ್ತಿದರೆ ಸಾಕು. ವಿಭೂತಿಯಿಂದ ಬೆಳಗುವುದನ್ನು ಬರಿಯ ಬೆಳ್ಳಿಗೆ ಮೀಸಲಿಡುವುದು ಲೇಸು.

ಕೊಳ್ಳುವಾಗ ಮತ್ತು ಕೊಡುವಾಗ ಮಾತು ಸ್ಪಷ್ಟವಾಗಿರಬೇಕು. ಭಾರತೀಯ ಮಾನಕ ಬ್ಯೂರೋ 2000ದಲ್ಲಿ ಚಿನ್ನಕ್ಕೂ 2005ರಲ್ಲಿ ಬೆಳ್ಳಿಗೂ ಹಾಲ್‌ಮಾರ್ಕ್ ಮುದ್ರೆಯನ್ನು ಆರಂಭಿಸಿತು. ಹೊದಿಕೆಯಿರುವ ಕರಡಿಗೆಯ ಮೇಲಿನ 925 ಎಂಬ ಮುದ್ರೆ ಒಳಗಿನ ಬೆಳ್ಳಿಯ ಮಾತನ್ನಷ್ಟೇ ಹೇಳುತ್ತದೆ. ಮೇಲಣ ಚಿನ್ನದ ದಪ್ಪವನ್ನಾಗಲಿ ತೂಕವನ್ನಾಗಲಿ ಹೇಳುವುದಿಲ್ಲ. ಆದುದರಿಂದ ರಸೀದಿಯಲ್ಲಿ ಚಿನ್ನ ಹೊದಿಸಿದ ಬೆಳ್ಳಿಯೆಂದು ಬರೆಸಿ, ಹಾಳೆಯೋ ಮುಲಾಮೋ ಎಂಬುದನ್ನೂ, ಕೆಲಸಕ್ಕೆ ಮೊದಲು ಮತ್ತು ಆಮೇಲೆ ಇದ್ದ ತೂಕವನ್ನೂ ನಮೂದಿಸಿಕೊಳ್ಳಬೇಕು. ಚಿನ್ನದ ಕರಡಿಗೆಯೆಂದು ಮಕ್ಕಳಿಗೆ ಹೇಳಿ ಕೊಟ್ಟುಹೋದುದು ಮುಂದೆ ಒರೆಗಲ್ಲಿನ ಮೇಲೆ ಬೆಳ್ಳಿಯೆಂದು ತಿಳಿದಾಗ, ಅಣ್ಣತಮ್ಮಂದಿರಲ್ಲಿ ಸಂಶಯ ಹುಟ್ಟಲು ಅಷ್ಟೇ ಸಾಕಾಗುತ್ತದೆ.

ವಚನದೃಷ್ಟಿಯಲ್ಲಿ ಹೊದಿಕೆ

ಹೊನ್ನಿನ ಸ್ವಭಾವವನ್ನು ಶರಣರು ಚೆನ್ನಾಗಿ ಬಲ್ಲವರು. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಕಿನ್ನರಿ ಬ್ರಹ್ಮಯ್ಯನವರು ಮೊದಲು ಅಕ್ಕಸಾಲಿಗ ವೃತ್ತಿಯವರಾಗಿದ್ದರೆಂದು ಪರಂಪರೆ ಹೇಳುತ್ತದೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯ ವೈರಾಗ್ಯವನ್ನು ಪರೀಕ್ಷಿಸುವವರಾಗಿ ಶೂನ್ಯಸಂಪಾದನೆಯಲ್ಲಿ ಕಾಣಿಸಿಕೊಳ್ಳುವವರೂ ಅವರೇ. ಒರೆಗಲ್ಲನ್ನು ಬಲ್ಲವರಿಗೆ ಪರೀಕ್ಷೆಯ ಕೆಲಸ ಒಪ್ಪಿತೆಂದು ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಗಮನಿಸಬಹುದು.

ವಚನಗಳಲ್ಲಿ ಮತ್ತೆ ಮತ್ತೆ ಬರುವ ಪರುಷದ ದೃಷ್ಟಾಂತವನ್ನು ಈ ಹೊದಿಕೆಯೊಡನೆ ಹೋಲಿಸಿ ನೋಡಿದರೆ ಒಂದು ಭೇದ ತಿಳಿಯುತ್ತದೆ. ಪರುಷ ಸೋಂಕಿದ ಲೋಹ ಒಳಹೊರಗೆಲ್ಲ ಹೊನ್ನಾಗುತ್ತದೆ. ದೀಕ್ಷೆಯಿಂದ ಭಕ್ತನಲ್ಲಿ ಆಗಬೇಕಾದ ಪರಿವರ್ತನೆ ಆ ಬಗೆಯದು. ಹೊದಿಕೆಯಾದರೋ ಮೇಲ್ಮೈಗೆ ಸೇರಿದುದು. ಒಳಗೆ ಬೆಳ್ಳಿ ಬೆಳ್ಳಿಯಾಗಿಯೇ ಇರುತ್ತದೆ. ಹಾಳೆಯೂ ಲೋಹವೂ ಗಡಿಯಳಿದು ಕೂಡುವುದನ್ನು ಕಂಡು ಲಿಂಗಾಂಗಸಾಮರಸ್ಯದ ಹೋಲಿಕೆಯನ್ನು ಯಾರಾದರೂ ತರಬಹುದು. ಆದರೆ ಆ ಹೋಲಿಕೆಯನ್ನು ಬಹುದೂರ ಎಳೆಯಲಾಗದು. ಅದರಿಂದ ಗ್ರಹಿಸತಕ್ಕ ಅಂಶ ಇಷ್ಟೇ: ಮೈ ಶುದ್ಧವಾಗದೆ ಚಿನ್ನ ಹಿಡಿಯುವುದಿಲ್ಲ, ಕೊಳೆಯ ಮೇಲೆ ಇಟ್ಟ ಹಾಳೆ ಎಷ್ಟು ಒತ್ತಿದರೂ ಏಳುತ್ತದೆ. ಕೆಲಸದ ಹೆಚ್ಚಿನ ಕಾಲವೆಲ್ಲ ಬೆಳ್ಳಿಯನ್ನು ಬಿಳುಪಿಗೆ ತರುವುದರಲ್ಲಿ ಕಳೆಯುತ್ತದೆ. ಚಿನ್ನವನ್ನು ಒತ್ತುವುದು ಕೆಲವೇ ನಿಮಿಷಗಳ ಕೆಲಸ.

ಕರಡಿಗೆಗೆ ಚಿನ್ನ ಇರಲೇಬೇಕೆಂದು ಯಾವ ಆಚಾರವೂ ವಿಧಿಸುವುದಿಲ್ಲ. ಸವೆದ ಚಿನ್ನವನ್ನು ಹಾಗೆಯೇ ಬಿಟ್ಟು, ಬರಿಯ ಬೆಳ್ಳಿಯನ್ನು ಬೆಳಗಿ ಧರಿಸಿದರೂ ಕೊರತೆಯಿಲ್ಲ. ಹಿರಿಯರು ಧರಿಸಿದ ಕರಡಿಗೆಯನ್ನು ಅವರು ಧರಿಸಿದ ರೂಪದಲ್ಲಿಯೇ ಉಳಿಸಬೇಕೆಂಬ ಇಚ್ಛೆಯಿದ್ದವರು ಮಾತ್ರ ಪಟ್ಟಿಗೂ ದಳಗಳಿಗೂ ಹಾಳೆಯನ್ನು ಕೂಡಿಸಿ, ಉಳಿದ ಮೈಯನ್ನು ಬೆಳ್ಳಿಯಾಗಿಯೇ ಬಿಡುವುದು ಯೋಗ್ಯ. ಬೆಳ್ಳಿ ಬೆಳ್ಳಿಯಾಗಿ, ಚಿನ್ನ ಚಿನ್ನವಾಗಿ ಕಾಣುವ ಆ ಕೆಲಸದಲ್ಲಿ ಮರೆಮಾಚುವುದು ಏನೂ ಇರುವುದಿಲ್ಲ. ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಒಂದು ದಳ ಸವೆದರೆ ಆ ಒಂದು ದಳವನ್ನಷ್ಟೇ ಸರಿಪಡಿಸಿದರೆ ಸಾಕು. ಕೆಲಸ ಮುಗಿದು ಕರಡಿಗೆ ಮನೆಗೆ ಬಂದ ದಿನ ಅದನ್ನು ಶುದ್ಧೋದಕದಿಂದ ತೊಳೆದು, ಪೂಜೆ ಮುಗಿಸಿ, ವಸ್ತ್ರದಲ್ಲಿದ್ದ ಲಿಂಗವನ್ನು ಅದರಲ್ಲಿರಿಸಿ ಶಿವದಾರವನ್ನು ಕಟ್ಟಿಕೊಳ್ಳುವುದು. ದುಡಿದ ಅಕ್ಕಸಾಲಿಗನಿಗೆ ಅವನ ಕೂಲಿಯನ್ನು ಅದಕ್ಕೂ ಮೊದಲೇ ಸಲ್ಲಿಸಿರತಕ್ಕದ್ದು.